ಮೇಷ್ಟ್ರ ಮನೆಯ ಪ್ರಿಂಟರ್

ಮೇಷ್ಟ್ರೇ,

ಮದುವೆಯಾಗಿ ರಾಮನಗರಕ್ಕೆ ಬಂದ ಮೇಲೂ ಯುಗಾದಿಗೊಂದು, ಗೌರಿಹಬ್ಬಕ್ಕೊಂದು ನಿಮಗೆ ಕಾಗದ ಹಾಕುತ್ತಿದ್ದೆ. ಮೊದಲ ಸಾಲಿನಲ್ಲಿ ನಿಮ್ಮ ಪಾದಗಳಿಗೆ ನಮಸ್ಕಾರ ಹೇಳದೆ ಮುಂದಿನ ಸಾಲಿಗೆ ಹೋದವಳಲ್ಲ. ಇವತ್ತು ಆ ಸಾಲು ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ನೀವು ಬದುಕಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ, ಮಾಗಡಿ ಬಸ್ಸು ಹತ್ತಿ ನೇರ ನಿಮ್ಮ ಮುಂದೆ ಬಂದು ನಿಲ್ಲುತ್ತಿದ್ದೆ. ನಿಂತು ಏನು ಕೇಳುತ್ತಿದ್ದೆನೋ... ಕೇಳುವ ಧೈರ್ಯ ಬರುತ್ತಿತ್ತೋ ಇಲ್ಲವೋ.

ನೀವು ತೀರಿಕೊಂಡ ತಿಂಗಳಿಗೆ ಮಾಗಡಿಗೆ ಹೋಗಿದ್ದೆ. ನಿಮ್ಮ ಮನೆಯವರು, ಸರೋಜಮ್ಮನವರು, ನಿಮ್ಮ ಕೋಣೆ ಖಾಲಿ ಮಾಡುತ್ತಿದ್ದರು. ಮೂಲೆಯಲ್ಲಿ ಹಳೇ ಪಂಚೆ ಮುಚ್ಚಿ ಇಟ್ಟಿದ್ದ ಪ್ರಿಂಟರನ್ನು ತೋರಿಸಿ, ಇದನ್ನು ನೀನೇ ತೆಗೆದುಕೊಂಡು ಹೋಗು ಎಂದರು. ಬೆಂಗಳೂರಿನಲ್ಲಿ ಯಾವುದೋ ಆಫೀಸು ಮುಚ್ಚಿದಾಗ ಮೌಸಿಲ್ಲದ ಒಂದು ಹಳೇ ಕಂಪ್ಯೂಟರಿನ ಜೊತೆ ನೀವು ಮನೆಗೆ ತಂದ ಸೆಕೆಂಡ್ ಹ್ಯಾಂಡ್ ಡಾಟ್ ಮ್ಯಾಟ್ರಿಕ್ಸ್ ಅದು. ಅದು ಕೆಟ್ಟಿದೆ, ಗುಜರಿಗೆ ಹಾಕಬೇಕು ಎಂದು ನೀವು ಯಾವಾಗಲೂ ಹೇಳುತ್ತಿದ್ದಿರಿ. ನಿಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಒಂದು ದಿನವೂ ತರಲಿಲ್ಲ. ಸರೋಜಮ್ಮನವರು ಅದನ್ನು ಸೆರಗಿನಲ್ಲಿ ಒರೆಸುತ್ತಾ, “ನಿನ್ನ ಕೈಗೆ ಸಿಕ್ಕಿದ್ರೆ ಸರಿಹೋಯ್ತದೆ ಕಣವ್ವ. ನಿನ್ನನ್ನ ಮಗಳಂಗೆ ನೋಡ್ಕಂಡಿದ್ರು ಅವ್ರು. ಅವರ ನೆಪ್ಪಿಗೆ ಇರ್ಲಿ,” ಎಂದರು. ಮಾಗಡಿಯಿಂದ ರಾಮನಗರದವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ತಬ್ಬಿ ಹಿಡಿದೆ. ಅಳು ಬಂದಿತ್ತು ಮೇಷ್ಟ್ರೇ. ಆ ಅಳುವನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಕುದೂರಿನ ನಮ್ಮ ಮನೆಯ ಜಗಲಿಯ ಮೇಲೆ ನೀವು ಕೂತಿದ್ದ ದಿನ ನೆನಪಿದೆಯೇ? ಪಿಯುಸಿ ಮುಗಿಸಿದ್ದ ನನಗೆ ಅಪ್ಪ ಗಂಡು ಗೊತ್ತು ಮಾಡುವುದರಲ್ಲಿದ್ದರು. ಟೈಪಿಂಗ್ ಪರೀಕ್ಷೆಗೆ ಇನ್ನೂ ಆರು ತಿಂಗಳಿತ್ತು. ನೀವು ಹೇಳದೆ ಕೇಳದೆ ಬಂದಿರಿ. ಬಿಳಿ ಶರಟು, ಕಂಕುಳಲ್ಲಿ ಛತ್ರಿ. ಈ ಹುಡುಗಿಯ ಬೆರಳಿನಂಥ ಬೆರಳನ್ನು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ, ಫೀಸು ಬೇಡ, ಪರೀಕ್ಷೆ ಮುಗಿಯುವವರೆಗೆ ಮದುವೆ ಮಾತೆತ್ತಬೇಡಿ ಎಂದು ಅಪ್ಪನಿಗೆ ಹೇಳಿದಿರಿ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ನಮ್ಮಪ್ಪನಂಥ ಮೊಂಡರೂ ಒಪ್ಪಿಕೊಂಡರು. ಆ ದಿನ ಸುಳ್ಳಲ್ಲ. ಅದನ್ನು ಸುಳ್ಳು ಎಂದುಕೊಳ್ಳಲು ಎಷ್ಟೋ ಸಲ ನೋಡಿದೆ, ಆಗಲಿಲ್ಲ. ಅದೇ ನನಗೆ ಕಷ್ಟವಾಗಿರುವುದು.

ಆಮೇಲೆ ನಾನು ಸೀನಿಯರ್ ಗ್ರೇಡ್ ಪಾಸಾದೆ, ನಿಮ್ಮಲ್ಲೇ ಕಲಿಸಲು ನಿಂತೆ. ಮಾದೇವಿಯೂ ನನ್ನ ಜೊತೆ ಕಲಿಸುತ್ತಿದ್ದಳು. ಅವಳು ಮಾಗಡಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದಿದವಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು, ನಾನು ಮುದ್ದೆ ತಂದರೆ ಅವಳು ಸಾರು. ನೀವು ಕಂಪ್ಯೂಟರ್ ಕೊಂಡ ಮೇಲೆ ನಿಮಗೆ ಮೌಸ್ ಹಿಡಿಯುವುದು ಒಗ್ಗಲೇ ಇಲ್ಲ. ಹುಡುಗರಿಗೆ ಪಾಠ, ಅರ್ಜಿ ಟೈಪಿಂಗು, ಮದುವೆ ಲಗ್ನಪತ್ರಿಕೆ, ಎಲ್ಲ ನಮ್ಮಿಬ್ಬರ ಕೈಯಲ್ಲೇ ನಡೆಯುತ್ತಿತ್ತು. ಅದರಲ್ಲೂ ನನ್ನ ಕೈಯಲ್ಲಿ. ‘ನೀನು ಒಂದಿನ ಬರದಿದ್ರೆ ಬಾಗ್ಲು ತೆಗೆಯೋಕೆ ಭಯ ಆಯ್ತದೆ’ ಎಂದು ನೀವು ನಗುತ್ತಿದ್ದಿರಿ. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಕಾರಿನ ಬಿಡಿಭಾಗ ಮಾಡುವ ಒಂದು ಹೊಸ ಕಂಪನಿಯ ಆಫೀಸಿಗೆ ಟೈಪಿಸ್ಟ್ ಬೇಕಾಗಿದ್ದಾರೆ ಎಂದು ಪೇಪರಿನಲ್ಲಿ ಬಂದಿತ್ತು. ನಾನೂ ಮಾದೇವಿಯೂ ಇಬ್ಬರೂ ಅರ್ಜಿ ಹಾಕಿದೆವು. ನನ್ನ ಅರ್ಜಿಯನ್ನು ತಿದ್ದಿದವರು ನೀವೇ. ‘ಒಬೀಡಿಯೆಂಟ್’ ಪದದಲ್ಲಿ ಒಂದು ಅಕ್ಷರ ತಪ್ಪಿತ್ತು, ತೋರಿಸಿ ಬೈದಿರಿ. ಸಂದರ್ಶನದಲ್ಲಿ ನಿಮಿಷಕ್ಕೆ ಎಷ್ಟು ಪದ ಎಂದು ಗಡಿಯಾರ ಇಟ್ಟು ನೋಡಿದರು. ನನ್ನನ್ನು ಆಯ್ಕೆ ಮಾಡಿ, ಮಾದೇವಿಯ ಹೆಸರನ್ನು ಎರಡನೆಯದಾಗಿ ಬರೆದುಕೊಂಡರು. ಓಡಿ ಬಂದು ನಿಮ್ಮ ಕಾಲಿಗೆ ಬಿದ್ದೆ. ನೀವು ನನ್ನ ತಲೆಯ ಮೇಲೆ ಕೈಯಿಟ್ಟಿರಿ. ಕೈ ಬಹಳ ಹೊತ್ತು ಅಲ್ಲೇ ಇತ್ತು. ಆಗ ಏನು ಯೋಚಿಸುತ್ತಿದ್ದಿರಿ ಮೇಷ್ಟ್ರೇ?

ಕೆಲಸಕ್ಕೆ ಸೇರಲು ಹೋದ ದಿನ ಗೇಟಿನ ಹತ್ತಿರವೇ ಕೂರಿಸಿದರು. ಮಧ್ಯಾಹ್ನದವರೆಗೆ ಕೂತೆ. ಕೊನೆಗೆ ಪರ್ಸನೆಲ್ ಆಫೀಸರ್ ಒಳಗೆ ಕರೆದು, ನನ್ನ ಬಗ್ಗೆ ಒಂದು ಮೂಕರ್ಜಿ ಬಂದಿದೆ ಎಂದರು. ಹೆಸರಿಲ್ಲ, ಸಹಿ ಇಲ್ಲ. ನನ್ನ ಸರ್ಟಿಫಿಕೇಟು ಸಾಚಾ ಅಲ್ಲ, ಪರೀಕ್ಷೆಗೆ ನನ್ನ ಬದಲು ಬೇರೆಯವರು ಕೂತಿದ್ದರು ಎಂದು ಅದರಲ್ಲಿತ್ತು. ಅದರ ಕೆಳಗೆ ನನ್ನ ನಡತೆಯ ಬಗ್ಗೆ ಎರಡು ಸಾಲು. ನಾವು ಇದನ್ನೆಲ್ಲ ನಂಬುತ್ತೇವೆ ಎಂದಲ್ಲ, ಆದರೆ ಕಂಪನಿ ಹೊಸದು, ರಗಳೆ ಬೇಡ ಎಂದು ಆತ ಹೇಳಿದರು. ನಾನು ಅಳುವುದನ್ನು ನೋಡಲಾರದೆ ಅದರ ಒಂದು ಜೆರಾಕ್ಸ್ ಕೊಟ್ಟು ಕಳಿಸಿದರು. ಬಿಡದಿಯಿಂದ ಮಾಗಡಿಗೆ ಹೇಗೆ ಬಂದೆನೋ ಗೊತ್ತಿಲ್ಲ.

ನೀವು ಆ ಜೆರಾಕ್ಸನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಿರಿ. ಕಿಟಕಿಯ ಬೆಳಕಿಗೆ ಹಿಡಿದಿರಿ. ನಾನು ಯಾರು ಬರೆದಿರಬಹುದು ಎಂದು ಕೇಳಿದೆ. ನೀವು, “ನಮ್ಮಲ್ಲಿ ಕಲ್ತವರ ಕೆಲ್ಸಾನೇ ಇದು. ಫುಲ್‌ಸ್ಟಾಪ್ ಆದ್ಮೇಲೆ ಎರಡು ಸ್ಪೇಸ್ ಬುಟ್ಟವ್ರೆ ನೋಡು,” ಎಂದಿರಿ. ಎರಡು ಸ್ಪೇಸ್ ಬಿಡುವುದು ನೀವು ಹೇಳಿಕೊಟ್ಟ ಅಭ್ಯಾಸ. ಆಮೇಲೆ ಒಂದು ಮಾತು ಸೇರಿಸಿದಿರಿ. “ನೀನು ಹೋಗದಿದ್ರೆ ಆ ಜಾಗ ಯಾರ್ಗೆ ಸಿಕ್ತದೆ ಅಂತ ಒಸಿ ಯೋಚ್ನೆ ಮಾಡು. ನಾನು ಯಾರ ಹೆಸ್ರೂ ಹೇಳಾಕಿಲ್ಲ.” ನೀವು ಹೆಸರು ಹೇಳಲಿಲ್ಲ, ನಿಜ. ಹೇಳಬೇಕಾದ ಅಗತ್ಯವೇ ಇರಲಿಲ್ಲವಲ್ಲ.

ಮಾರನೆಯ ದಿನ ಇಪ್ಪತ್ತು ಹುಡುಗ ಹುಡುಗಿಯರು ಟೈಪ್ ಹೊಡೆಯುತ್ತಿದ್ದ ಹಾಲಿನಲ್ಲಿ ನಾನು ಮಾದೇವಿಯ ಮುಂದೆ ನಿಂತೆ. ಮಿಷಿನ್ನುಗಳ ಸದ್ದು ಒಂದೊಂದಾಗಿ ನಿಂತಿತು. ಅವಳಿಗೆ ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ನನ್ನ ಅನ್ನಕ್ಕೆ ಮಣ್ಣು ಹಾಕಿದವಳು ಎಂದೆ. ಒಂದೇ ಡಬ್ಬಿಯಲ್ಲಿ ಉಂಡವಳು ಎಂದೆ. ಅವಳು ಒಂದೇ ಮಾತು ಹೇಳಿದಳು: “ಪುಟ್ಟಲಕ್ಷ್ಮಿ, ನಾನಲ್ಲ.” ನೀವು ನಿಮ್ಮ ಮೇಜಿನ ಹಿಂದೆ ಕೂತು ಹಾಜರಿ ಪುಸ್ತಕ ನೋಡುತ್ತಿದ್ದಿರಿ. ತಲೆ ಎತ್ತಲಿಲ್ಲ. ಮಾದೇವಿ ನಿಮ್ಮ ಕಡೆ ಒಂದು ಸಲ ನೋಡಿದಳು, ನೀವು ಏನಾದರೂ ಹೇಳುತ್ತೀರೇನೋ ಎಂದು. ಆಮೇಲೆ ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಅವಳಿಗೆ ಕಂಪನಿಯಿಂದ ಕರೆ ಬಂತು. ಅವಳು ಸೇರಲಿಲ್ಲ. ಸೇರಿದರೆ ಜನ ಅದನ್ನು ತಾನೇ ಬರೆದದ್ದು ಎಂದು ನಂಬುತ್ತಾರೆ ಎಂದು ಸೋದರತ್ತೆಯ ಹತ್ತಿರ ಹೇಳಿದಳಂತೆ. ನನಗೆ ಆ ಮಾತು ತಲುಪಿದಾಗ ನಾನೇನು ಅಂದುಕೊಂಡೆ ಗೊತ್ತೇ? ಮಾಡಿದ ತಪ್ಪು ಚುಚ್ಚುತ್ತಿದೆ, ಅದಕ್ಕೇ ಹೋಗಿಲ್ಲ ಎಂದುಕೊಂಡೆ. ಅಷ್ಟು ಕುರುಡಾಗಿದ್ದೆ. ಆ ವರ್ಷವೇ ಅವಳನ್ನು ಸಾತನೂರಿನ ಕಡೆ ಕೊಟ್ಟರು. ಮದುವೆಗೆ ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ.

ನನ್ನ ನಡತೆಯ ಬಗ್ಗೆ ಬರೆದಿದ್ದ ಎರಡು ಸಾಲು ಹೇಗೋ ಕುದೂರು ಮುಟ್ಟಿತು. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಆಗ ಮತ್ತೆ ಬಂದವರು ನೀವು. ಅದೇ ಜಗಲಿ, ಅದೇ ಛತ್ರಿ. ನಮ್ಮ ಪುಟ್ಟಲಕ್ಷ್ಮಿ ಅಪರಂಜಿ, ಯಾವನೋ ಹೊಟ್ಟೆಕಿಚ್ಚಿಗೆ ಬರೆದಿದ್ದಾನೆ ಎಂದು ಅಪ್ಪನ ಕೈ ಹಿಡಿದು ಹೇಳಿದಿರಿ. ಅಪ್ಪ ಕಣ್ಣೊರೆಸಿಕೊಂಡರು. ಮಾರನೆಯ ವಾರದಿಂದ ನಾನು ಮತ್ತೆ ಇನ್‌ಸ್ಟಿಟ್ಯೂಟಿನ ಬೀಗ ತೆಗೆದೆ. ನಾಲ್ಕು ವರ್ಷ ತೆಗೆದೆ. ನಿಮಗೆ ಸಕ್ಕರೆ ಕಾಯಿಲೆ ಹೆಚ್ಚಾದಾಗ ಮಾತ್ರೆ ತಂದುಕೊಟ್ಟೆ, ಕಾಲು ಊದಿಕೊಂಡಾಗ ಆಸ್ಪತ್ರೆಗೆ ಜೊತೆಗೆ ಬಂದೆ. ಈ ಮನುಷ್ಯ ನನ್ನ ಮರ್ಯಾದೆ ಉಳಿಸಿದವರು ಎಂದು ಕಂಡಕಂಡವರಿಗೆಲ್ಲ ಹೇಳಿದೆ.

ಇನ್ನು ಪ್ರಿಂಟರಿನ ವಿಷಯ. ನಮ್ಮ ಯಜಮಾನರು ಬಸ್ ಕಂಡಕ್ಟರು, ನಿಮಗೆ ಗೊತ್ತೇ ಇದೆ. ಮನೆಯಲ್ಲೇ ನಾನೂ ನನ್ನ ನಾದಿನಿಯೂ ಒಂದೊಂದು ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗ್ ಕೆಲಸ ಮಾಡುತ್ತೇವೆ. ಬ್ರಾಡ್‌ಬ್ಯಾಂಡ್ ಹಾಕಿಸಿದ ಮೇಲೆ ಒಂದು ಗಾರ್ಮೆಂಟ್ಸಿನವರು ಡೆಲಿವರಿ ಚಲನ್ ಕೆಲಸ ಕೊಟ್ಟರು. ಮೂರು ಪದರದ ಕಾಗದ, ಮೇಲೆ ಹೊಡೆದರೆ ಕೆಳಗಿನ ಎರಡರಲ್ಲೂ ಮೂಡಬೇಕು. ಲೇಸರ್ ಪ್ರಿಂಟರಿಗೆ ಅದಾಗುವುದಿಲ್ಲ, ಪಿನ್ನಿನಿಂದ ಕುಟ್ಟುವ ಹಳೇ ಮಿಷಿನ್ನೇ ಬೇಕು. ನಿಮ್ಮದು ಅಟ್ಟದ ಮೇಲಿತ್ತು. ಮೇಷ್ಟ್ರು ಹೋದ ಮೇಲೂ ನನಗೆ ಅನ್ನದ ದಾರಿ ಮಾಡಿಕೊಟ್ಟಿದ್ದಾರೆ ಎಂದು ಯಜಮಾನರ ಹತ್ತಿರ ಹೇಳಿದೆ. ಈ ಮಾತನ್ನೂ ನಾನೇ ಆಡಿದ್ದು.

ಒಂದು ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಅದನ್ನು ಇಳಿಸಿದೆ. ಅದರ ಹಿಂದೆ ಇರುವುದು ಅಗಲ ಬಾಯಿಯ ಹಳೇ ಕೇಬಲಿನ ಜಾಗ, ನಮ್ಮ ಹೊಸ ಕಂಪ್ಯೂಟರುಗಳಲ್ಲಿ ಅಂಥ ಜಾಗವೇ ಇಲ್ಲ. ಅದಕ್ಕೆಂದು ಬೆಂಗಳೂರಿನಿಂದ ಒಂದು ಸಣ್ಣ ಡಬ್ಬಿ ತರಿಸಿದ್ದೆ. ಒಂದು ಕಡೆ ಪ್ರಿಂಟರಿಗೆ ಚುಚ್ಚಿ, ಇನ್ನೊಂದು ಕಡೆಯಿಂದ ನೆಟ್‌ವರ್ಕ್ ವೈರನ್ನು ರೂಟರಿಗೆ ಎಳೆದರೆ, ಮನೆಯ ಎರಡು ಕಂಪ್ಯೂಟರಿನಿಂದಲೂ ಪ್ರಿಂಟ್ ಕೊಡಬಹುದು. ಸದ್ದು ಹೆಚ್ಚು ಎಂದು ಪ್ರಿಂಟರನ್ನು ಪಡಸಾಲೆಯಲ್ಲಿಟ್ಟು, ಬಾಗಿಲ ಚೌಕಟ್ಟಿನ ಗುಂಟ ವೈರು ಎಳೆದು ಮೊಳೆ ಹೊಡೆದೆ. ಆ ಡಬ್ಬಿಗೆ ನೆಟ್‌ವರ್ಕಿನಲ್ಲಿ ಅದರದೇ ಒಂದು ನಂಬರು ಕೊಡಬೇಕು. ನಾನು ಕೊಟ್ಟ ನಂಬರು ಆಗಲೇ ನಾದಿನಿಯ ಕಂಪ್ಯೂಟರಿಗೆ ಹೋಗಿತ್ತು, ಎರಡೂ ಮುನಿಸಿಕೊಂಡು ಕೂತವು. ನಂಬರು ಬದಲಿಸಿದೆ. ಪ್ರಿಂಟ್ ಕೊಟ್ಟರೆ ಹಾಳೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಡ್ರೈವರ್ ಬದಲಿಸಿ ಒಂಬತ್ತು ಪಿನ್ನಿನ ಹಳೇ ಮಾದರಿಯದನ್ನು ಹಾಕಿದೆ. ಈಗ ಪ್ರಿಂಟರಿನ ಪಿನ್ನುಗಳಿರುವ ತಲೆ ಅತ್ತಿತ್ತ ಓಡಾಡಿತು, ಆದರೆ ಕಾಗದ ಮುಂದೆ ಹೋಗಲಿಲ್ಲ. ಒಂದೇ ಜಾಗದಲ್ಲಿ ಕಟಕಟ ಎಂದಿತು. ಕೆಟ್ಟಿದೆ ಎಂದು ನೀವು ಹೇಳುತ್ತಿದ್ದುದು ಇದೇ ಇರಬೇಕು.

ಮುಚ್ಚಳ ತೆಗೆದೆ, ರಿಬ್ಬನ್ ಎತ್ತಿದೆ. ರೋಲರಿನ ಕೆಳಗೆ ಕಾಗದದ ಒಂದು ಚೂರು ಸಿಕ್ಕಿಕೊಂಡು ಮಡಿಸಿ ಮಡಿಸಿ ಗಟ್ಟಿಯಾಗಿತ್ತು. ಹುಬ್ಬಿನ ಚಿಮಟದಲ್ಲಿ ಮೆಲ್ಲಗೆ ಎಳೆದೆ. ಅಂಗೈಯಗಲದ್ದು, ಹಳದಿ ತಿರುಗಿದ್ದು. ಬಿಸಾಡುವುದರಲ್ಲಿದ್ದೆ. ಅಕ್ಷರ ಕಂಡಿತು, ಬಿಡಿಸಿದೆ. ಇಂಗ್ಲಿಷಿನಲ್ಲಿ ನನ್ನ ಹೆಸರಿತ್ತು. ಅರ್ಧ ಹರಿದಿತ್ತು, ಆದರೂ ನನ್ನದೇ. ಅದರ ಕೆಳಗಿನ ಸಾಲಿನಲ್ಲಿ ಸರ್ಟಿಫಿಕೇಟ್ ಎಂಬ ಪದ, ಅದರ ಕೆಳಗೆ ಕ್ಯಾರೆಕ್ಟರ್ ಎಂಬ ಪದದ ಹಿಂದಿನ ಭಾಗ. ಮೊದಲ ಸಲ ಹೊಡೆಯುವಾಗ ಕಾಗದ ಸಿಕ್ಕಿಕೊಂಡು ಹರಿದಿರಬೇಕು. ನೀವು ಕೈಗೆ ಬಂದಷ್ಟನ್ನು ಎಳೆದು, ಇನ್ನೊಂದು ಹಾಳೆ ಹಾಕಿ, ತಿರುಗುಗುಂಡಿಯನ್ನು ಕೈಯಿಂದಲೇ ತಿರುಗಿಸಿ ಹೊಡೆದಿರಬೇಕು ಅಲ್ಲವೇ?

ಪಡಸಾಲೆಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಹಾಗಿರಲಾರದು ಎಂದುಕೊಂಡೆ. ಎದ್ದು ಹಾಳೆ ಹಾಕಿ ಪ್ರಿಂಟ್ ಕೊಟ್ಟೆ. ಈಗ ಕಾಗದ ಸಲೀಸಾಗಿ ಮುಂದೆ ಹೋಯಿತು. ಹೊರಗೆ ಬಂದ ಹಾಳೆಯಲ್ಲಿ ಒಂದು ಪಿನ್ನು ಸತ್ತಿತ್ತು. ಪ್ರತಿ ಸಾಲಿನ ನಡುಮಧ್ಯೆ ಕೂದಲೆಳೆಯಷ್ಟು ಬಿಳಿ ಗೆರೆ. ಇಂಗ್ಲಿಷಿನ ‘ಇ’ ಅಕ್ಷರದ ಅಡ್ಡಗೆರೆ ಅದರಲ್ಲಿ ಹಾರಿಹೋಗಿ, ಎಲ್ಲ ಕಡೆ ‘ಸಿ’ಯ ಹಾಗೆ ಕಾಣುತ್ತಿತ್ತು. ಟ್ರಂಕಿನ ತಳದಿಂದ ಆ ಜೆರಾಕ್ಸ್ ತೆಗೆದೆ. ಏಳು ವರ್ಷ ಇಟ್ಟುಕೊಂಡಿದ್ದೆ, ಯಾವತ್ತಾದರೂ ಮಾದೇವಿಯ ಮುಖದ ಮೇಲೆ ಎಸೆಯಬೇಕು ಎಂದು. ಅದರಲ್ಲೂ ಒಂದೇ ಒಂದು ‘ಇ’ಗೆ ಅಡ್ಡಗೆರೆ ಇರಲಿಲ್ಲ. ಜೆರಾಕ್ಸಿನಲ್ಲಿ ಮಸುಕಾಗಿದೆ ಎಂದು ಅಷ್ಟು ವರ್ಷ ಅಂದುಕೊಂಡಿದ್ದೆ.

ಮನೆಯ ಮಿಷಿನ್ನಿನಲ್ಲಿ ಯಾಕೆ ಹೊಡೆದಿರಿ ಎಂದು ಕೇಳುವುದಿಲ್ಲ. ಇನ್‌ಸ್ಟಿಟ್ಯೂಟಿನ ಪ್ರಿಂಟರಿನ ಅಕ್ಷರವನ್ನು ನಾನು ಕಣ್ಣುಮುಚ್ಚಿ ಗುರುತಿಸುತ್ತಿದ್ದೆ, ಅದು ನಿಮಗೆ ಗೊತ್ತಿತ್ತು. ಯಾಕೆ ಬರೆದಿರಿ ಎಂದೂ ಕೇಳುವುದಿಲ್ಲ. ನಾನು ಹೋದರೆ ಬಾಗಿಲು ಮುಚ್ಚಬೇಕಾಗುತ್ತಿತ್ತು. ಬಾಯಿಬಿಟ್ಟು ಹೇಳಿದ್ದರೆ, ಹೋಗಬೇಡ ಕಣವ್ವ, ನನಗೆ ಕೈಲಾಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ, ನಾನು ನಿಲ್ಲುತ್ತಿದ್ದೆನೋ ಏನೋ. ನಾನು ಕೇಳುವುದು ಒಂದೇ. ಸರ್ಟಿಫಿಕೇಟಿನ ಸುಳ್ಳೊಂದೇ ಸಾಕಾಗುತ್ತಿರಲಿಲ್ಲವೇ? ಆ ಇನ್ನೆರಡು ಸಾಲು ಯಾಕೆ ಬೇಕಿತ್ತು? ಅದನ್ನು ಟೈಪ್ ಮಾಡುವಾಗ ಪಕ್ಕದ ಕೋಣೆಯಲ್ಲಿ ಸರೋಜಮ್ಮನವರು ಇದ್ದಿರಬೇಕು. ಕಾಫಿ ತಂದುಕೊಟ್ಟಿರಬೇಕು. ನೀವು ಕುಡಿದಿರಬೇಕು. ಆಮೇಲೆ ಕುದೂರಿಗೆ ಬಂದು, ಅಪ್ಪನ ಕೈ ಹಿಡಿದು...

ಸಾತನೂರಿಗೆ ಹೋದೆ. ಬಸ್ಸಿಳಿದು ಎರಡು ಮೈಲಿ ನಡೆದು, ಕೇಳಿಕೊಂಡು ಮಾದೇವಿಯ ಮನೆ ಮುಟ್ಟಿದೆ. ಅವಳು ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ. ನಾನು ಹುಳುವಿನ ಮನೆಯ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಚೂರು ತೋರಿಸಿದೆ, ಜೆರಾಕ್ಸ್ ತೋರಿಸಿದೆ. ಅವಳು ಕೈ ಒರೆಸಿಕೊಂಡು ಎರಡನ್ನೂ ಬೆಳಕಿಗೆ ತಂದು ಓದಿದಳು. ಓದಿ ವಾಪಸ್ ಕೊಟ್ಟಳು. ಅವಳು ಅಳಬಹುದು, ನಿಮ್ಮನ್ನು ಬೈಯಬಹುದು, ಇಬ್ಬರೂ ಸೇರಿ ನಿಮ್ಮನ್ನು ಬೈಯಬಹುದು ಎಂದುಕೊಂಡಿದ್ದೆ.

“ನೀನು ಬತ್ತೀಯ ಅಂತ ಒಂದ್ ವರ್ಷ ಕಾದೆ,” ಎಂದಳು. “ಆಮೇಲೆ ಬುಟ್ಟೆ.”

“ತಪ್ಪಾಯ್ತು ಮಾದೇವಿ. ಮೇಷ್ಟ್ರು ಇಂಥ ಕೆಲ್ಸ ಮಾಡ್ತಾರೆ ಅಂತ...”

“ಮೇಷ್ಟ್ರು ಬರ್ದ್ರು, ಸರಿ. ಅವ್ರು ಬರ್ದಿದ್ದು ನಿನ್ನ ಮೇಲೆ. ನನ್ನ ಮೇಲೆ ಹೇಳ್ದೋಳು ನೀನು. ಆ ಹಾಲ್‌ನಾಗೆ ಇದ್ದ ಮಕ್ಳೆಲ್ಲ ಕೇಳ್ಕಂಡ್ರಲ್ಲ, ಅವ್ರಿಗೆಲ್ಲ ಏನು ತೋರಿಸ್ತೀಯ ಈಗ? ಈ ಚೂರಾ?”

ನಾನು ಚೂರನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅವಳು ಮತ್ತೆ ಸೊಪ್ಪಿನ ಕಡೆ ತಿರುಗಿದಳು. ಉಂಡು ಹೋಗು ಎಂದು ಅವಳ ಗಂಡನ ತಾಯಿ ಕರೆದರು. ಮಾದೇವಿ ಕರೆಯಲಿಲ್ಲ. ನಾನು ಉಣ್ಣದೆ ಬಂದೆ. ದಾರಿಯುದ್ದಕ್ಕೂ ನಿಮ್ಮ ಮೇಲಿನ ಸಿಟ್ಟು ನನ್ನ ಮೇಲೆ ತಿರುಗುತ್ತಿತ್ತು, ಮತ್ತೆ ನಿಮ್ಮ ಮೇಲೆ ತಿರುಗುತ್ತಿತ್ತು. ಅವಳನ್ನು ತೋರಿಸಿದ ಬೆರಳು ನಿಮ್ಮದು. ಆದರೆ ಬೆರಳು ತೋರಿಸಿದ ಕಡೆ ನೋಡಿ ಉಗಿದವಳು ನಾನು.

ನಿಮ್ಮ ವರ್ಷದ ತಿಥಿ ಆದ ಮೇಲಿನ ಭಾನುವಾರ ಹಳೇ ವಿದ್ಯಾರ್ಥಿಗಳು ಇನ್‌ಸ್ಟಿಟ್ಯೂಟಿನ ಹಾಲಿನಲ್ಲಿ ನಿಮ್ಮ ಫೋಟೋ ಇಡಿಸಿದರು. ಈಗ ಅಲ್ಲಿ ಟೈಪ್‌ರೈಟರುಗಳಿಲ್ಲ, ಯಾರೋ ಬಾಡಿಗೆಗೆ ಹಿಡಿದು ಕಂಪ್ಯೂಟರ್ ಕ್ಲಾಸು ನಡೆಸುತ್ತಾರೆ. ಮಾಲೀಕರ ಹೆಸರು ಮಾತ್ರ ಸರೋಜಮ್ಮನವರದು. ನಿಮ್ಮ ಅಚ್ಚುಮೆಚ್ಚಿನ ಶಿಷ್ಯೆ ಎಂದು ನನ್ನನ್ನೇ ಮೊದಲು ಮಾತಾಡಲು ಕರೆದರು. ಮುಂದಿನ ಸಾಲಿನಲ್ಲಿ ಸರೋಜಮ್ಮನವರು ಕೂತಿದ್ದರು, ನೀವು ತಂದುಕೊಟ್ಟಿದ್ದ ಹಸಿರು ಸೀರೆ ಉಟ್ಟು. ಬರುವಾಗ ಚೀಲದಲ್ಲಿ ಚೂರು ಮತ್ತು ಜೆರಾಕ್ಸ್ ಎರಡೂ ಇದ್ದವು. ತೆಗೆಯಬೇಕು ಎಂದೇ ಬಂದಿದ್ದೆ. ಅವರ ಮುಖ ನೋಡಿದ ಮೇಲೆ ಕೈ ಚೀಲಕ್ಕೆ ಹೋಗಲಿಲ್ಲ.

ನನಗೆ ಟೈಪಿಂಗ್ ಕಲಿಸಿದವರು ನೀವು ಎಂದೆ. ಅದು ನಿಜ. ಆಮೇಲೆ, ಏಳೆಂಟು ವರ್ಷದ ಹಿಂದೆ ಇದೇ ಹಾಲಿನಲ್ಲಿ ನಾನು ಮಾದೇವಿಯ ಮೇಲೆ ಒಂದು ಅಪವಾದ ಹೊರಿಸಿದ್ದೆ, ಆಗ ಇಲ್ಲಿ ಕೂತಿದ್ದವರು ಕೆಲವರು ಇವತ್ತೂ ಇದ್ದೀರಿ, ಆ ಮೂಕರ್ಜಿ ಬರೆದವಳು ಅವಳಲ್ಲ ಎಂದೆ. ಬರೆದವರು ಯಾರೆಂದು ನನಗೆ ಈಗ ಗೊತ್ತಾಗಿದೆ, ಅವರು ಬದುಕಿಲ್ಲ, ಹೆಸರು ಹೇಳುವುದಿಲ್ಲ, ಮಾದೇವಿಯದು ಏನೂ ತಪ್ಪಿಲ್ಲ ಎಂದು ಹೇಳಿ ಕೆಳಗೆ ಇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ಕೆಮ್ಮಿದರು. ಕೆಲವರು ನಿಮ್ಮ ಫೋಟೋ ಕಡೆ ನೋಡಿದರು, ಕೆಲವರು ನೋಡದ ಹಾಗೆ ಕೂತರು.

ಸಮಾರಂಭ ಮುಗಿದ ಮೇಲೆ ಸರೋಜಮ್ಮನವರು ಮೆಟ್ಟಿಲ ಹತ್ತಿರ ನನ್ನನ್ನು ತಡೆದರು. “ಯಾವಾಗ ಗೊತ್ತಾಯ್ತವ್ವ?” ಎಂದು ಕೇಳಿದರು. ಯಾರು, ಏನು ಎಂದು ಕೇಳಲಿಲ್ಲ. ಪ್ರಿಂಟರ್ ಮನೆಗೆ ತೆಗೆದುಕೊಂಡು ಹೋದ ಮೇಲೆ ಎಂದೆ. ಅವರು ಕಂಬಿ ಹಿಡಿದುಕೊಂಡರು. “ನಾನೇ ಎತ್ತಿ ಕೊಟ್ನಲ್ಲ,” ಎಂದರು. ನಾನು ಅವರನ್ನು ಹಿಡಿದುಕೊಳ್ಳಲು ಹೋದೆ. ಬೇಡ ಎಂದು ಕೈ ಆಡಿಸಿ ಒಬ್ಬರೇ ಮೆಟ್ಟಿಲಿಳಿದರು. ಅವರಿಗೆ ಮೊದಲೇ ಅನುಮಾನ ಇತ್ತೋ, ನನ್ನ ಮಾತಿನಿಂದಲೇ ತಿಳಿಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದವರ ಮುಖ ಹಾಗಾಗುವಂತೆ ಮಾಡಿದ್ದು ನೀವೋ, ನಾನೋ?

ಚಲನ್ ಕೆಲಸ ನಿಲ್ಲಿಸಲಿಲ್ಲ. ನಿಲ್ಲಿಸುವಷ್ಟು ಅನುಕೂಲ ನಮಗಿಲ್ಲ. ಗೆರೆ ಬಿದ್ದ ಚಲನನ್ನು ಗಾರ್ಮೆಂಟ್ಸಿನವರು ತೆಗೆದುಕೊಳ್ಳುವುದಿಲ್ಲ ಎಂದು ಪ್ರಿಂಟರಿನ ತಲೆ ಬದಲಿಸಿ ಹಾಕಿಸಿದೆ. ಈಗ ಎಲ್ಲ ‘ಇ’ಗಳಿಗೂ ಅಡ್ಡಗೆರೆ ಇದೆ. ಮೈಸೂರು ರಸ್ತೆಯಲ್ಲಿ ದಿನಾ ಕಂಪನಿ ಬಸ್ಸುಗಳು ಹೋಗುತ್ತವೆ, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಹೆಂಗಸರು ಕಿಟಕಿಗೆ ತಲೆ ಆನಿಸಿ ಕೂತಿರುತ್ತಾರೆ. ನನಗೀಗ ಆ ವಯಸ್ಸು ಮೀರಿದೆ. ಪಡಸಾಲೆಯಲ್ಲಿ ನಿಮ್ಮ ಮಿಷಿನ್ನು ಕುಟ್ಟುತ್ತಿರುತ್ತದೆ. ಕೇಳಿಸಿಕೊಂಡು ಕೆಲಸ ಮಾಡುತ್ತೇನೆ.

ಹೋದ ತಿಂಗಳು ಮಾದೇವಿ ಬಂದಿದ್ದಳು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಲು ಗಂಡನ ಜೊತೆ ಬಂದವಳು, ಹರಾಜು ಮುಗಿಯುವವರೆಗೆ ಎಂದು ವಿಳಾಸ ಹುಡುಕಿಕೊಂಡು ಬಂದಳು. ಒಳಗೆ ಬಾ ಎಂದರೆ ಬಾಗಿಲಲ್ಲೇ ನಿಂತು ನೀರು ಕೇಳಿದಳು. ಕುಡಿದು, ಕನಕಪುರದ ಒಂದು ಸ್ಕೂಲಿನಲ್ಲಿ ಆಫೀಸು ಕೆಲಸಕ್ಕೆ ಕರೆದಿದ್ದಾರೆ, ಅರ್ಜಿ ಟೈಪ್ ಮಾಡಬೇಕು ಎಂದಳು. ನಾನು ಕಂಪ್ಯೂಟರ್ ಮುಂದೆ ಕೂತೆ. “ಎದ್ದೇಳು, ನಾನೇ ಹೊಡ್ಕತೀನಿ,” ಎಂದಳು. ಅವಳ ಬೆರಳುಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಲೆ. ಕೀಲಿಗಳನ್ನು ನೋಡಲಿಲ್ಲ. ಎರಡು ಸಲ ತಪ್ಪಿದಳು, ಮೂರನೆಯ ಸಾಲಿನಿಂದ ವೇಗ ಬಂತು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಒಳಗೆ ಬರುವುದಿಲ್ಲ ಎಂದವಳು ನನ್ನ ಕುರ್ಚಿಯಲ್ಲೇ ಕೂತಿದ್ದಳು, ಆದರೆ ನನ್ನ ಜೊತೆ ಅರ್ಜಿಯ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ. ಹೋಗುವಾಗ, ಹಿಂದೆ ಕೆಲಸ ಮಾಡಿದ್ದಕ್ಕೆ ಅನುಭವದ ಸರ್ಟಿಫಿಕೇಟ್ ಬೇಕಂತೆ, ಅದೆಲ್ಲಿ ತರಲಿ ಎಂದು ಬಾಗಿಲ ಕಡೆ ನೋಡಿಕೊಂಡೇ ಹೇಳಿದಳು.

ಅವಳು ನಿಮ್ಮಲ್ಲಿ ನಾಲ್ಕು ವರ್ಷ ಕಲಿಸಿದ್ದಳು. ಅದನ್ನು ಬರೆದುಕೊಡಬೇಕಾದವರು ನೀವು. ನಾನು ಟೈಪ್ ಮಾಡಿ, ನಡತೆ ಉತ್ತಮವಾಗಿತ್ತು ಎಂಬ ಸಾಲನ್ನೂ ಸೇರಿಸಿ, ಮಾಗಡಿಗೆ ತೆಗೆದುಕೊಂಡು ಹೋದೆ. ಬಾಗಿಲು ತೆರೆಯುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಸರೋಜಮ್ಮನವರು ತೆರೆದರು. ಕಾಗದ ತೆಗೆದುಕೊಂಡು, ನಿಮ್ಮ ಮೇಜಿನ ಮುಂದೆ ಕೂತು, ಓದಿ ಹೇಳು ಎಂದರು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ನಡತೆಯ ಸಾಲು ಬಂದಾಗ ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ನಿಮ್ಮ ಸೀಲನ್ನು ಡ್ರಾಯರಿನಿಂದ ತೆಗೆದು ಒತ್ತಿದರು. ಮಾಲೀಕರು ಎಂದು ಇದ್ದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು.

ನಾನು ಎದ್ದು ನಿಂತೆ. ಅವರು ಕಾಗದವನ್ನು ನನ್ನ ಕೈಗೆ ಕೊಡದೆ ಹಿಡಿದುಕೊಂಡೇ ಇದ್ದರು.

“ಇನ್ನೊಂದು ಕಾಪಿ ಐತಾ?” ಎಂದರು. “ಅದುಕ್ಕೂ ಹಾಕ್ಕೊಡ್ತೀನಿ. ಒಂದ್ ಕಳದ್ರೆ ಪಾಪ, ಆ ಮಗು ಮತ್ಯಾರನ್ನ ಕೇಳಬೇಕು?”

ಕನಕಪುರದಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ನಿಮಗೆ ಇದನ್ನು ತಿಳಿಸುವವರು ಬೇರೆ ಯಾರೂ ಇಲ್ಲದ್ದರಿಂದ ನಾನು ತಿಳಿಸುತ್ತಿದ್ದೇನೆ.

ಪುಟ್ಟಲಕ್ಷ್ಮಿ
ರಾಮನಗರ